ಸೋತೆ ಎಂದವನ ಮಾತು

ಫೆಬ್ರವರಿ 3

ಇವತ್ತು ಒಬ್ಬ ಬಾಯಿಬಡುಕನನ್ನು ನಂಬಿ ಕೆಟ್ಟೆ. ಅವನನ್ನು ನಾನು ಕಂಡಿರುವುದು ಮೊಬೈಲಿನಲ್ಲಿ ಮಾತ್ರ. ಹೊಳೆಯುವ ಹಲ್ಲು, ಬೆನ್ನ ಹಿಂದೆ ನೀಲಿ ದೀಪ, ಮಾತಿಗೊಂದು 'ಅದ್ಭುತ'. ಹೊಸ ವಿಡಿಯೊ ಗೇಮ್‌ಗಳನ್ನು ಆಡಿ, ಚೆನ್ನಾಗಿವೆಯೋ ಇಲ್ಲವೋ ಎಂದು ಜನಕ್ಕೆ ಹೇಳುವುದು ಅವನ ಕಸುಬು. ಈ ಆಟಕ್ಕೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟು, ಕಣ್ಣು ಮುಚ್ಚಿಕೊಂಡು ಕೊಳ್ಳಿ ಎಂದ. ಹಾಗೆಯೇ ಕೊಂಡೆ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣು ಪರೀಕ್ಷೆ ಮಾಡುವವಳು ನಾನು. ಯಾರಿಗಾದರೂ ಹೇಳಿದರೆ ನಕ್ಕಾರು.

ತಮ್ಮ ಗುಂಡ ಕಂಟ್ರೋಲರ್ ಹಿಡಿದು ಕೂತ. ಆಟದೊಳಗಿನ ಮನುಷ್ಯ ಒಂದು ಗೋಡೆ ಹತ್ತಬೇಕಿತ್ತು. ಅದಕ್ಕೆ ಎಡಗೈ ತೋರುಬೆರಳಿನಿಂದ ಒಂದು ಗುಂಡಿಯನ್ನು ಒತ್ತಿ ಹಿಡಿದು, ಬಲ ಹೆಬ್ಬೆರಳಿನಿಂದ ಇನ್ನೊಂದನ್ನು ಪಟಪಟ ಬಡಿಯಬೇಕು. ಅವನ ಹೆಬ್ಬೆರಳು ಗುಂಡಿಯ ಮೇಲೆ ಹೋಗಿ ಸುಮ್ಮನೆ ಕೂತುಬಿಟ್ಟಿತು. ಗೋಡೆ ಹತ್ತುವವನು ಜಾರಿ ಬಿದ್ದ, ಮತ್ತೆ ಜಾರಿ ಬಿದ್ದ. ಗುಂಡ ಕಂಟ್ರೋಲರನ್ನು ಮಂಚದ ಮೇಲಿಟ್ಟು, "ಚೆನ್ನಾಗಿದೆ ಅಕ್ಕ. ಆಮೇಲೆ ಆಡ್ತೀನಿ" ಎಂದ.

ತಮ್ಮನನ್ನು ಗುಂಡ ಎಂದು ಕರೆಯುವುದನ್ನು ಇನ್ನಾದರೂ ಬಿಡಬೇಕೇನೋ. ಈಗ ಅಂಗಿಯೊಳಗೆ ಅವನನ್ನು ಹುಡುಕಬೇಕು. ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಮೊದಲು ಬೆರಳು, ಆಮೇಲೆ ತೋಳು, ಆಮೇಲೆ ಧ್ವನಿ ಎಂದು ಡಾಕ್ಟರು ಅವನಿಗೆ ಹೇಳಿದ್ದಾರೆ. ಅದರ ಆಮೇಲಿನದನ್ನು ನನ್ನೊಬ್ಬಳನ್ನು ಕರೆದು ಹೇಳಿದರು. ತನ್ನ ಬೀಗ ರಿಪೇರಿ ಅಂಗಡಿಯನ್ನು ಅವನೇ ಹೋಗಿ ಮುಚ್ಚಿ ಬಂದ. ಬಂದವನು ಕೇಳಿದ್ದು ಒಂದೇ: "ಕೈ ಮಾತು ಕೇಳೋವರ್ಗೂ ಒಂದೊಳ್ಳೆ ಗೇಮ್ ಆಡ್ಬೇಕು ಅಕ್ಕ. ನೀನೇ ಹುಡುಕ್ಕೊಂಡು ಬಾ. ಯಾರು ಸುಳ್ಳು ಹೇಳ್ತಿದಾರೆ ಅಂತ ನಿಂಗೆ ಬೇಗ ಗೊತ್ತಾಗತ್ತೆ."

ಫೆಬ್ರವರಿ 8

ಈ ವಿಮರ್ಶಕರನ್ನೆಲ್ಲ ಸಾಲಾಗಿ ನಿಲ್ಲಿಸಿ ಕಿವಿ ಹಿಂಡಬೇಕು. ಹಲ್ಲು ಹೊಳೆಸುವವನಿಗೆ ಜೇನುತುಪ್ಪ ಎಂದು ಹೆಸರಿಟ್ಟಿದ್ದೇನೆ. ಇನ್ನೊಬ್ಬ ಕಿರುಚಪ್ಪ. ಅವನು ಆಡುವುದಕ್ಕಿಂತ ಕುರ್ಚಿಯಿಂದ ಬೀಳುವುದೇ ಹೆಚ್ಚು. ಮತ್ತೊಬ್ಬ ಅರೆಬೆಂದವನು, ಆಟದ ಮೊದಲ ಊರು ದಾಟುವ ಮೊದಲೇ ತೀರ್ಪು ಕೊಟ್ಟು ಎದ್ದು ಹೋಗುತ್ತಾನೆ.

ಅಂಗಡಿಯಲ್ಲಿ ನನ್ನದೊಂದು ಉಪಾಯವಿದೆ. ಕಣ್ಣಿನ ಮುಂದೆ ಗಾಜು ಬದಲಿಸುತ್ತಾ 'ಇದು ಸ್ಪಷ್ಟವೋ, ಇದೋ' ಎಂದು ಕೇಳಿದರೆ, ಜನ ನನ್ನನ್ನು ಮೆಚ್ಚಿಸಲೆಂದೇ ಎರಡನೆಯದು ಸ್ಪಷ್ಟ ಎನ್ನುತ್ತಾರೆ. ಆಗ ಅದೇ ಗಾಜನ್ನು ತೆಗೆದಂತೆ ಮಾಡಿ ಮತ್ತೆ ಹಾಕುತ್ತೇನೆ. 'ಆಹಾ, ಈಗ ಇನ್ನೂ ಸ್ಪಷ್ಟ' ಎಂದರೆ ಸಿಕ್ಕಿಬಿದ್ದರು. ವಿಮರ್ಶಕರ ಮೇಲೂ ಅದನ್ನೇ ಪ್ರಯೋಗ ಮಾಡಿದೆ. ಹಳೆಯ ಆಟವೊಂದಕ್ಕೆ ಸ್ವಲ್ಪ ಬಣ್ಣ ಬಳಿದು ಹೊಸದೆಂದು ಮಾರುತ್ತಿದ್ದಾರೆ. ಅಂದು ಅದನ್ನೇ 'ಇದಕ್ಕಿಂತ ಮೇಲಿಲ್ಲ' ಎಂದಿದ್ದ ಜೇನುತುಪ್ಪ, ಇಂದು 'ಹಳೆಯದು ತೀರಾ ಸಪ್ಪೆಯಾಗಿತ್ತು, ಹೊಸದು ಅದ್ಭುತ' ಎನ್ನುತ್ತಾನೆ. ಅವನ ಕಥೆ ಮುಗಿಯಿತು.

ಒಬ್ಬ ಸಣಕಲು ಮನುಷ್ಯನೂ ಸಿಕ್ಕಿದ. ತುಂಬ ಕಷ್ಟದ ಆಟವೊಂದರ ಬಗ್ಗೆ ಮಾತಾಡುತ್ತಾ, 'ನನಗೆ ಇದನ್ನು ಮುಗಿಸಲಾಗಲಿಲ್ಲ, ಸೇತುವೆಯ ಹತ್ತಿರ ಸೋತೆ, ಆದ್ದರಿಂದ ಅಂಕ ಕೊಡುವುದಿಲ್ಲ' ಎಂದ. ವಿಡಿಯೊದ ಕೆಳಗೆ ಬರೆದ ಜನ ಅವನನ್ನು ಹಿಗ್ಗಾಮುಗ್ಗಾ ಆಡಿಕೊಂಡಿದ್ದರು. ನನಗೂ ರೇಗಿತು. ಮುಗಿಸಲಾಗದವನು ಬಾಯಿ ಮುಚ್ಚಿಕೊಂಡಿರಬೇಕಪ್ಪ.

ಫೆಬ್ರವರಿ 17

ಸಿಕ್ಕಿದಳು! ಹೆಸರು ಸಿಡುಕಿ. ನಾನಿಟ್ಟದ್ದು. ಮುಖ ತೋರಿಸುವುದಿಲ್ಲ, ಬರೀ ಬರೆಯುತ್ತಾಳೆ, ಅದೂ ಹುಳಿ ದ್ರಾಕ್ಷಿ ಬಾಯಲ್ಲಿಟ್ಟುಕೊಂಡು ಬರೆದಂತೆ. ಯಾವ ಆಟಕ್ಕೂ ಐದರ ಮೇಲೆ ಅಂಕವಿಲ್ಲ. ಆದರೆ ಯಾಕೆ ಇಷ್ಟವಾಗಲಿಲ್ಲ ಎಂಬುದನ್ನು ಬಿಡಿಬಿಡಿಯಾಗಿ ಹೇಳುತ್ತಾಳೆ. 'ಈ ಆಟದಲ್ಲಿ ಒಂದು ಗುಂಡಿ ಒತ್ತುತ್ತಾ ಹೋದರೆ ಸಾಕು, ಅವಸರವೇ ಇಲ್ಲ, ನನ್ನ ಬೆಕ್ಕೂ ಇದನ್ನು ಮುಗಿಸೀತು' ಎಂದು ಬೈದು ನಾಲ್ಕು ಅಂಕ ಕೊಟ್ಟಿದ್ದಳು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅವಳ ಬೈಗುಳವೆಲ್ಲ ನನಗೆ ಹೊಗಳಿಕೆ! ಬೇರೆ ಯಾರೂ ಗುಂಡಿಯ ಮಾತನ್ನೇ ಎತ್ತುವುದಿಲ್ಲ. ಅವರಿಗೆಲ್ಲ ಬೆರಳುಗಳಿವೆಯಲ್ಲ.

ಆಟ ತಂದೆ. ಹಡಗಿನಲ್ಲಿ ಕಳೆದುಹೋದ ಪೆಟ್ಟಿಗೆಯನ್ನು ಹುಡುಕುವ ಮುದುಕಿಯ ಕಥೆ. ಗುಂಡ ಮಧ್ಯಾಹ್ನವೆಲ್ಲ ಆಡಿದ. ಊಟಕ್ಕೆ ಕರೆದರೂ ಬರಲಿಲ್ಲ. "ಈ ಅಜ್ಜಿ ಥೇಟ್ ನಿನ್ ಥರಾನೇ ಅಕ್ಕ. ಎಲ್ರ ಮೇಲೂ ಅನುಮಾನ" ಎಂದು ನಕ್ಕ. ತಿಂಗಳ ಮೇಲೆ ಮನೆಯಲ್ಲಿ ನಗು ಕೇಳಿಸಿತು.

ಮಾರ್ಚ್ 2

ಸಿಡುಕಿಯ ಮಾತಿನ ಮೇಲೆ ಇನ್ನೊಂದು ತಂದೆ. 'ಈ ಆಟದಲ್ಲಿ ಓಡುವುದೂ ಇಲ್ಲ, ಹಾರುವುದೂ ಇಲ್ಲ, ಬರೀ ಗಿಡಗಳಿಗೆ ನೀರು ಹಾಕುವ ಕೆಲಸ' ಎಂದು ಮೂಗು ಮುರಿದಿದ್ದಳು. ನಮಗೆ ಅದೇ ಬೇಕಿತ್ತು.

ಗುಂಡ ಎರಡೂ ಕೈಯಲ್ಲಿ ಹಿಡಿಯಲೆಂದು ಎರಡು ಹಿಡಿ ಇರುವ ಕಾಫಿ ಲೋಟ ಕೊಂಡೆ.

ಆಡುತ್ತಾ ಆಡುತ್ತಾ ಗುಂಡ ಕೇಳಿದ, "ಅವತ್ತು ಡಾಕ್ಟ್ರು ನಿನ್ನೊಬ್ಳನ್ನೇ ಒಳಗೆ ಕರೆದ್ರಲ್ಲ, ಏನಂದ್ರು?"

"ವಿಟಮಿನ್ ಮಾತ್ರೆ ಬಗ್ಗೆ."

"ಅಷ್ಟು ಹೊತ್ತು?"

"ಹೂಂ. ಅವ್ರು ಮಾತಿನ ಮಲ್ಲ." ತಕ್ಷಣ ಸಿಡುಕಿ ಹೊಸದಾಗಿ ಯಾರನ್ನು ಬೈದಿದ್ದಾಳೆಂದು ಓದಿ ಹೇಳಿದೆ. ಅವನು ಗಿಡಕ್ಕೆ ನೀರು ಹಾಕಿದ.

ಮಾರ್ಚ್ 12

ಕೈಗೆ ವ್ಯಾಯಾಮ ಮಾಡಿಸುವ ಫಿಸಿಯೋದವಳು ಬಂದು ಗುಂಡನ ಮಣಿಕಟ್ಟಿಗೆ ಪಟ್ಟಿ ಕಟ್ಟಿಹೋದಳು. ಹೋಗುವಾಗ ಬಾಗಿಲ ಹತ್ತಿರ ನಿಂತು, "ಅವ್ರಿಗೆ ಆ ಗಿಡದ ಆಟ ಬೇಜಾರಾಗಲ್ವಾ ಮೇಡಂ?" ಎಂದಳು. ನಾನು, "ನೀವು ಪಟ್ಟಿ ಕಟ್ಟೋದು ನೋಡ್ಕೊಳ್ಳಿ" ಎಂದುಬಿಟ್ಟೆ. ಪಾಪ, ಮುಖ ಸಣ್ಣದು ಮಾಡಿಕೊಂಡು ಹೋದಳು. ವಾರಗಟ್ಟಲೆ ಓದಿ, ಅಳೆದು ಸುರಿದು ನಾನು ಹುಡುಕಿದ ಆಟ. ಇವಳಿಗೇನು ಗೊತ್ತು.

ಮಾರ್ಚ್ 27

ಈಗ ತಂದಿರುವುದು ಹತ್ತಕ್ಕೆ ಎರಡು ಅಂಕದ ಆಟ. 'ಇದನ್ನು ಆಟ ಎನ್ನುವುದಕ್ಕೇ ಬಾಯಿ ಬರುವುದಿಲ್ಲ, ತನ್ನಷ್ಟಕ್ಕೆ ತಾನೇ ನಡೆಯುತ್ತದೆ, ಬೇಕಾದರೆ ಒಮ್ಮೊಮ್ಮೆ ಮುಟ್ಟಬಹುದು' ಎಂದು ಸಿಡುಕಿ ಉಗಿದಿದ್ದಾಳೆ. ಒಂದು ರೈಲು, ಕಿಟಕಿ, ಹೊರಗೆ ಸಾಗುವ ಊರುಗಳು. ಗುಂಡನ ಕೈ ಪಟ್ಟಿಯೊಳಗೆ ಸುಮ್ಮನಿರುತ್ತದೆ. "ಚೆನ್ನಾಗಿದೆ ಅಕ್ಕ" ಎನ್ನುತ್ತಾನೆ. ಇದುವರೆಗೆ ತಂದದ್ದು ಒಂದೂ ಅವನಿಗೆ ಇಷ್ಟವಾಗದೆ ಹೋಗಿಲ್ಲ. ನನ್ನ ಆಯ್ಕೆಯ ಬಗ್ಗೆ ನನಗೇ ಹೆಮ್ಮೆಯಾಗುತ್ತಿದೆ.

ಅಂಗಡಿಗೆ ಒಬ್ಬ ಅಜ್ಜಿ ಬಂದಿದ್ದರು. ಯಾವ ಗಾಜು ಹಾಕಿದರೂ ಸ್ಪಷ್ಟ, ಸ್ಪಷ್ಟ. ಅನುಮಾನ ಬಂದು, ಪವರೇ ಇಲ್ಲದ ಖಾಲಿ ಗಾಜು ಹಾಕಿದೆ. "ಇದೇ ತುಂಬ ಚೆನ್ನಾಗಿದೆ ಕಣಮ್ಮ" ಎಂದರು. ಯಾಕಜ್ಜಿ ಸುಳ್ಳು ಹೇಳ್ತೀರಿ ಎಂದು ಕೇಳಿದರೆ, "ಇಷ್ಟೊತ್ತಿಂದ ನನಗೋಸ್ಕರ ಒದ್ದಾಡ್ತಿದೀಯ. ಇಲ್ಲ ಅನ್ನೋಕೆ ಮನಸ್ಸು ಬರಲ್ಲ" ಎಂದರು. ಅಂಗಡಿಯ ಯಜಮಾನರು ಕೇಳಿಸಿಕೊಂಡು, ನಿನ್ನ ಕಣ್ಣು ತಪ್ಪಿಸೋಕೆ ಯಾರಿಂದಲೂ ಆಗಲ್ಲ ಬಿಡು ಎಂದು ಹೊಗಳಿದರು.

ಏಪ್ರಿಲ್ 5

ಕರೆಂಟ್ ಹೋಗಿ ಅಂಗಡಿ ಬೇಗ ಮುಚ್ಚಿತು. ಮನೆಗೆ ಬಂದು ಬಾಗಿಲು ತೆಗೆದೆ. ಟಿವಿಯಲ್ಲಿ ರೈಲು ತನ್ನ ಪಾಡಿಗೆ ತಾನು ಓಡುತ್ತಿತ್ತು. ಗುಂಡ ಅದಕ್ಕೆ ಬೆನ್ನು ಹಾಕಿ ಮಲಗಿದ್ದ. ದಿಂಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಏನನ್ನೋ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಹತ್ತಿರ ಹೋದೆ. ಆ ಸಣಕಲ. ಸೇತುವೆಯ ಹತ್ತಿರ ಸೋತವನು.

"ರೈಲು ಬೇಜಾರಾಯ್ತಾ?" ಎಂದೆ.

"ಚೆನ್ನಾಗಿದೆ ಅಕ್ಕ."

ಆಗ ಎಲ್ಲ ಒಟ್ಟಿಗೆ ತಲೆಗೆ ಬಂತು. ಮೊದಲ ದಿನ ಗೋಡೆಯಿಂದ ಬಿದ್ದ ಆಟಕ್ಕೂ ಇವನು ಇದೇ ಮಾತು ಹೇಳಿದ್ದ. ನನ್ನ ಮೈ ಉರಿದುಹೋಯಿತು. ಇಷ್ಟು ದಿನ ನನ್ನನ್ನು ಮಂಗ ಮಾಡಿದೆಯಾ, ನಾನು ಯಾರಿಗೋಸ್ಕರ ತಲೆ ಕೆಡಿಸಿಕೊಂಡೆ ಎಂದು ಬಾಯಿಗೆ ಬಂದಂತೆ ಕೂಗಾಡಿದೆ. ನನ್ನ ಕೂಗಾಟ ಮುಗಿಯುವವರೆಗೆ ಅವನು ಕಾದ. ಈಗ ಅವನ ಮಾತು ಒದ್ದೆ ಬಟ್ಟೆಯ ಹಾಗೆ ಭಾರವಾಗಿ ಬರುತ್ತದೆ.

"ನೀನು ನಂಗೆ ಗೇಮ್ ಹುಡುಕ್ತಿಲ್ಲ ಅಕ್ಕ. ನನ್ ಕೈಗೆ ಹುಡುಕ್ತಿದೀಯ. ಬೆರಳು ಹೋಗಿದೆ, ಸರಿ. ನಾನು ಇನ್ನೂ ಇದೀನಲ್ಲ."

"ಮತ್ತೆ ಮೊದ್ಲೇ ಹೇಳೋದಕ್ಕೇನಾಗಿತ್ತು?"

"ನೀನು ಖುಷಿಯಾಗಿದ್ದೆ."

"ಈ ಸೋತ ಮಹಾರಾಯನಲ್ಲಿ ಅಂಥಾದ್ದೇನಿದೆ?"

"ಅವ್ನು ಸೋತೆ ಅಂದ. ಎಲ್ಲಿ ಸೋತೆ, ಹೇಗೆ ಸೋತೆ, ಎಲ್ಲ ತೋರಿಸ್ದ. ಗೆದ್ದವ್ರ ಮಾತು ತಗೊಂಡು ನಾನೇನು ಮಾಡ್ಲಿ ಈಗ?" ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡ. "ಡಾಕ್ಟ್ರು ಏನಂದ್ರು ಅಂದ್ರೆ ನೀನು ವಿಟಮಿನ್ ಅಂದೆ. ನೀನೇ ಹಿಂಗಾದ್ರೆ ನಾನು ಯಾರನ್ನ ನಂಬ್ಲಿ?"

ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದೆ. ತೊಳೆಯಲು ಪಾತ್ರೆ ಇರಲಿಲ್ಲ.

ಏಪ್ರಿಲ್ 6

ಅವನೂ ಆಡಲಿಲ್ಲ, ನಾನೂ ಆಡಿಸಲಿಲ್ಲ.

ಏಪ್ರಿಲ್ 9

ಹೇಳಿದೆ. ತಲೆ ಬಾಚುತ್ತಾ, ಅವನ ಹಿಂದೆ ನಿಂತು ಹೇಳಿದೆ, ಮುಖ ನೋಡಿಕೊಂಡು ಹೇಳುವ ಧೈರ್ಯ ಬರಲಿಲ್ಲ. ಧ್ವನಿ ಆದ ಮೇಲೆ ಉಸಿರು. ಬಹುಶಃ ಈ ವರ್ಷವೇ.

ಅವನು, "ನಂಗೆ ಗೊತ್ತಿತ್ತು" ಎಂದ. ಆಮೇಲೆ, "ಬಾಚಣಿಗೆ ನಿಲ್ಲಿಸ್ಬೇಡ" ಎಂದ.

ಸಂಜೆ ಆ ಕಷ್ಟದ ಆಟವನ್ನು ತಂದೆ. ಕಂಟ್ರೋಲರ್ ನನ್ನ ಕೈಯಲ್ಲಿ, ಬುದ್ಧಿ ಅವನ ತಲೆಯಲ್ಲಿ. ಜೀವಮಾನದಲ್ಲಿ ಇಂಥದ್ದನ್ನು ಮುಟ್ಟಿದವಳಲ್ಲ. ಕತ್ತಿ ಹಿಡಿದ ನಮ್ಮ ವೀರ ಮೊದಲು ಬಾವಿಗೆ ಬಿದ್ದ, ಆಮೇಲೆ ಮರಕ್ಕೆ ಢಿಕ್ಕಿ ಹೊಡೆದ, ಆಮೇಲೆ ಒಂದು ಕೋಳಿಯಂಥ ಪ್ರಾಣಿ ಅವನನ್ನು ಕುಕ್ಕಿ ಕೊಂದಿತು. ಗುಂಡ ನಕ್ಕು ನಕ್ಕು ಕೆಮ್ಮಿದ. "ಅಯ್ಯೋ ಅಕ್ಕ, ಬಲ ಅಂದ್ರೆ ನಿನ್ ಬಲಗೈ ಇರೋ ಕಡೆ!" ಎಂದು ಗದರಿದ. ಇಷ್ಟು ದಿನಗಳಲ್ಲಿ ಅವನು ನನ್ನನ್ನು ಗದರಿದ್ದು ಇದೇ ಮೊದಲು. ಖುಷಿಯಾಯಿತು.

ಏಪ್ರಿಲ್ 21

ಸೇತುವೆ ತಲುಪಿದ್ದೇವೆ. ಅದರ ಮೇಲೊಬ್ಬ ಕಾವಲುಗಾರ, ಬಾಗಿಲಿನಷ್ಟು ದೊಡ್ಡ ಗುರಾಣಿ ಹಿಡಿದು ನಿಂತಿದ್ದಾನೆ. ದಿನವೂ ಸಾಯುತ್ತೇವೆ. ಸಣಕಲ ಹೇಳಿದ ಮಾತನ್ನು ಮತ್ತೆ ಮತ್ತೆ ಕೇಳಿದೆ: 'ಅವನು ಭುಜ ಎತ್ತಿದಾಗ ಹೊಡೆಯಲು ಹೋಗಿ ನಾನು ಸೋತೆ. ಇಳಿಸುವವರೆಗೆ ಕಾಯಬೇಕಿತ್ತು, ನನಗೆ ತಾಳ್ಮೆ ಇರಲಿಲ್ಲ.' ಉಳಿದವರೆಲ್ಲ ತಾವು ಹೇಗೆ ಗೆದ್ದೆವೆಂದು ಎದೆ ತಟ್ಟಿಕೊಂಡರು, ಅವರ ಬೆರಳಿನ ವೇಗ ನನಗೆಲ್ಲಿಂದ ಬರಬೇಕು. ಇವನ ಸೋಲನ್ನು ಹಿಡಿದುಕೊಂಡು ನಾವು ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತಿದ್ದೇವೆ.

ಗುಂಡ ಈಗ ಪೂರ್ತಿ ವಾಕ್ಯ ಆಡುವುದಿಲ್ಲ. 'ಕಾಯಿ' ಎನ್ನುತ್ತಾನೆ. 'ಈಗ' ಎನ್ನುತ್ತಾನೆ.

ಸಿಡುಕಿ ಏನು ಬರೆದಳೋ ನೋಡಿಯೇ ಇಲ್ಲ.

ಮೇ 4

ಫಿಸಿಯೋದವಳಿಗೆ ಕ್ಷಮೆ ಕೇಳಿದೆ. ಅವಳು ಒಂದು ಆಟ ತಾನೂ ಆಡುತ್ತೇನೆಂದು ಕೂತಳು. ಕಾವಲುಗಾರ ಅವಳನ್ನು ಒಂದೇ ಏಟಿಗೆ ನದಿಗೆ ಎಸೆದ. ಗುಂಡನ ಭುಜ ಅಲುಗಾಡಿತು. ನಗುವಿನ ಸದ್ದು ಬರುವುದಿಲ್ಲ ಈಗ, ಅಲುಗಾಟ ಮಾತ್ರ.

'ಕಾಯಿ' ಮತ್ತು 'ಈಗ' ಎರಡೂ ಒಂದೇ ಥರ ಕೇಳಿಸುತ್ತವೆ. ಆದರೂ ನನಗೆ ತಪ್ಪುವುದಿಲ್ಲ.

ಮೇ 13

ಇದನ್ನು ಎಲ್ಲಾದರೂ ಹೇಳಿಕೊಳ್ಳಬೇಕು.

ಗುಂಡ ಮಧ್ಯಾಹ್ನ ಈಗ ಜಾಸ್ತಿ ನಿದ್ದೆ ಮಾಡುತ್ತಾನೆ. ಅಭ್ಯಾಸ ಆಗಲಿ ಎಂದು ಸದ್ದು ಕಡಿಮೆ ಮಾಡಿ ಒಬ್ಬಳೇ ಕೂತೆ. ಕಾವಲುಗಾರ ಭುಜ ಎತ್ತಿದ, ಕಾದೆ. ಇಳಿಸಿದ, ಹೊಡೆದೆ. ಅವನು ಮಂಡಿಯೂರಿದ. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಎದ್ದು, ಗುರಾಣಿಯನ್ನೇ ನನ್ನ ಮೇಲೆ ಎಸೆದ. ಇದನ್ನು ನಾವು ಯಾವತ್ತೂ ನೋಡಿರಲಿಲ್ಲ. ಸಣಕಲನೂ ಇಲ್ಲಿಯವರೆಗೆ ಬಂದಿರಲಿಲ್ಲ. ನನ್ನ ಕೈ ಅದರಷ್ಟಕ್ಕೆ ಅದೇ ನಮ್ಮ ವೀರನನ್ನು ಪಕ್ಕಕ್ಕೆ ಸರಿಸಿತು. ಇನ್ನೊಂದು ಏಟು. ಅವನು ಬಿದ್ದ, ಮೇಲೇಳಲಿಲ್ಲ.

ಕೂಗಿ ಗುಂಡನನ್ನು ಎಬ್ಬಿಸಬೇಕೆಂದು ತಿರುಗಿದೆ. ಬಾಯಿ ಅರ್ಧ ತೆರೆದು ಮಲಗಿದ್ದ. ಎಬ್ಬಿಸಲು ಮನಸ್ಸು ಬರಲಿಲ್ಲ. ಅವನಿಲ್ಲದೆ ಗೆದ್ದುಬಿಟ್ಟಿದ್ದೆ. ಮುಂದೆಲ್ಲ ಹೀಗೇ ಇರುತ್ತದೆ, ನಾನು ಏನು ಮಾಡಿದರೂ ತಿರುಗಿ ನೋಡಿದಾಗ ಅವನು ಇರುವುದಿಲ್ಲ ಎಂದು ಅನ್ನಿಸಿ ಅಳು ಬಂತು. ಸೇತುವೆ ದಾಟಿ ಆ ಕಡೆ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಆಟ ನಿಲ್ಲಿಸಹೊರಟಾಗ, ಇಲ್ಲಿಯವರೆಗಿನದನ್ನು ಉಳಿಸಲೇ ಎಂದು ಅದು ಕೇಳಿತು. ಬೇಡ ಎಂದು ಒತ್ತಿದೆ.

ಅವನು ಎದ್ದಾಗ ಕಾವಲುಗಾರ ಮತ್ತೆ ಸೇತುವೆಯ ಮೇಲೆ ನಿಂತಿದ್ದ.

ಮೇ 14

ಆಡಿದೆವು. ಅವನ ಗಂಟಲಿನ ಸದ್ದಿಗೆ ಕಾಯುತ್ತಾ, ಹೊಡೆಯುತ್ತಾ ಹೋದೆ. ಕಾವಲುಗಾರ ಮಂಡಿಯೂರಿದ. ಗುಂಡ 'ಹಾ' ಎಂದ. ಅವನಿಗೆ ಮುಗಿಯಿತು ಎಂದೇ ಅನ್ನಿಸಿರಬೇಕು. ಆದರೆ ನನಗೆ ಗೊತ್ತಿತ್ತಲ್ಲ. ಗುರಾಣಿ ಹಾರಿಬರುವ ಮೊದಲೇ ನಮ್ಮ ವೀರನನ್ನು ಪಕ್ಕಕ್ಕೆ ಸರಿಸಿಬಿಟ್ಟೆ.

ಗುಂಡ ಟಿವಿ ಬಿಟ್ಟು ನನ್ನನ್ನೇ ನೋಡಿದ. ನನ್ನ ಬೆರಳು ತಡವರಿಸಿತು. ಕಾವಲುಗಾರ ನಮ್ಮನ್ನು ನದಿಗೆ ಎಸೆದ.

"ನೋಡಿದ್ದೀಯ" ಎಂದ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಅವನು ಉಸಿರು ಹುಡುಕಬೇಕು. "ಯಾವಾಗ?"

"ನಿನ್ನೆ. ನೀನು ಮಲಗಿದ್ದಾಗ."

"ಗೆದ್ದೆ."

"ಹೂಂ. ಗೆದ್ದೆ. ಉಳಿಸ್ಲಿಲ್ಲ."

ಕೋಪ ಮಾಡಿಕೊಳ್ಳುತ್ತಾನೆ ಎಂದುಕೊಂಡೆ. ಅವನು ಮತ್ತೆ ಟಿವಿಯ ಕಡೆ ತಿರುಗಿದ. ಸೇತುವೆಯ ಈಚೆ ತುದಿಯಲ್ಲಿ ನಮ್ಮ ವೀರ ಹೊಸದಾಗಿ ಹುಟ್ಟಿ ನಿಂತಿದ್ದ. ಆಚೆ ತುದಿ ಮಂಜಿನಲ್ಲಿ ಕಾಣುತ್ತಿರಲಿಲ್ಲ.

"ಆ ಕಡೆ," ಎಂದ. ಕಾದೆ. "ಹೇಗಿದೆ?"

ಅರಮನೆ ಇದೆ, ತೋಟ ಇದೆ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅವನ ಕಣ್ಣು ನೋಡಿ ನುಂಗಿಕೊಂಡೆ.

"ಏನಿಲ್ಲ ಗುಂಡ. ಒಂದು ಬಯಲು. ಹುಲ್ಲು, ಗಾಳಿ ಸದ್ದು, ಅಷ್ಟೆ. ದಾರಿ ಮುಂದಕ್ಕೆ ಹೋಗತ್ತೆ, ಎಲ್ಲಿಗೆ ಅಂತ ಕಾಣ್ಸಲ್ಲ. ನಾನು ಸ್ವಲ್ಪ ಹೊತ್ತು ನಿಂತಿದ್ದು ವಾಪಸ್ ಬಂದ್ಬಿಟ್ಟೆ."

"ಭಯ?"

"ಇಲ್ಲ. ಭಯ ಪಡೋಂಥದ್ದು ಅಲ್ಲೇನಿಲ್ಲ. ನಿಜವಾಗ್ಲೂ. ಆದ್ರೆ ಒಬ್ಳೇ ಆಗ್ಬಿಟ್ಟೆ ಅನ್ನಿಸ್ತು. ಅದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ."

ಅವನು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದ. ಅಂಗಡಿಯಲ್ಲಿ ನಾನು ಜನರನ್ನು ನೋಡುವ ಹಾಗೆ, ಒಂದು ಮಾತು ಬಂದ ಮೇಲೂ ಇನ್ನಷ್ಟು ಹೊತ್ತು ನೋಡುವ ಹಾಗೆ. ನಾನು ಕಣ್ಣು ತಪ್ಪಿಸಲಿಲ್ಲ.

"ನಂಬ್ತೀನಿ" ಎಂದ.

ಆಮೇಲೆ ಗಂಟಲಿನಿಂದ ಆ ಸಣ್ಣ ಸದ್ದು ಬಂತು. 'ಕಾಯಿ'ಯೋ 'ಈಗ'ವೋ ಎಂದು ಕೇಳಬೇಕಾಗಲಿಲ್ಲ. ಕಂಟ್ರೋಲರ್ ಎತ್ತಿಕೊಂಡೆ.